ಮಸಿ ಮೆತ್ತಿದ ಬತ್ತಿ

ಪುರಾಣ ಕೇಳಿ ಮನೆಗೆ ಬಂದ ಸಂಗವ್ವ ದೇವರ ಜಗಲಿಯ ಮುಂದೆ ನಿಂತುಬಿಟ್ಟಳು. ದೀಪ ಆರಿತ್ತು.

"ರೀ," ಎಂದಳು. "ಇವತ್ತೂ ಆರೇತಿ."

ಹಾಲಪ್ಪ ಪಡಸಾಲೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಚ್ಚರವಾಗಿತ್ತು. ಏಳಲಿಲ್ಲ.

"ಕೇಳಸ್ತೇನ್ರಿ? ಎಣ್ಣಿ ತುಂಬ ಐತಿ. ಬತ್ತಿ ಉದ್ದ ಐತಿ. ಕಿಡಕಿ ಮುಚ್ಚೇತಿ. ಹಂಗಾರ ಆರಿಸಿದವರು ಯಾರು?"

"ಹಲ್ಲಿ ಇರಬೇಕು," ಎಂದ ಹಾಲಪ್ಪ, ಗೋಡೆಗೆ.

"ನಿನ್ನೆನೂ ಹಲ್ಲಿ, ಮೊನ್ನೆನೂ ಹಲ್ಲಿ. ನಾ ಪುರಾಣಕ್ಕ ಹೋಗೂದನ್ನ ಕಾಯ್ಕೊಂಡು ಕುಂದರತೈತೇನು ಆ ಹಲ್ಲಿ?"

ಹಾಲಪ್ಪ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ. ಆ ಹಲ್ಲಿ ಅವನೇ.

ಗದಗಿನ ಮಂದಿ ಅವನನ್ನು ಫೈರ್ ಹಾಲಪ್ಪ ಎಂದೇ ಕರೆಯುತ್ತಿದ್ದರು. ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತನಾದವನು. ಹತ್ತಿ ಗಿರಣಿಗಳಿರುವ ಊರಿನಲ್ಲಿ ಬೆಂಕಿಗೆ ಬರವಿಲ್ಲ. ಹರೆಯವೆಲ್ಲ ಅದರಲ್ಲೇ ಹೋಯಿತು. ನಿವೃತ್ತಿಯ ದಿನ ಇಲಾಖೆಯ ಬೂಟು, ಹೆಲ್ಮೆಟ್ಟು ಹಿಂದಕ್ಕೆ ಕೊಟ್ಟು ಬಂದ. ಬೆಂಕಿಯ ಮೇಲಿನ ಸಂಶಯವನ್ನು ಮಾತ್ರ ಮನೆಗೆ ತಂದ.

ಪಡಸಾಲೆಯ ಗೋಡೆಗೆ ಕೆಂಪು ಬಣ್ಣದ ಬಕೀಟುಗಳು ತೂಗುತ್ತಿದ್ದವು. ಒಂದರಲ್ಲಿ ಮರಳು, ಒಂದರಲ್ಲಿ ನೀರು. ಊದಿನಕಡ್ಡಿಯನ್ನು ನೀರಿನ ಬಟ್ಟಲಲ್ಲೇ ನಿಲ್ಲಿಸಬೇಕು. ದೀಪಾವಳಿಗೆ ಹಣತೆಗಳನ್ನು ಪರಾತದಲ್ಲಿ ನೀರು ತುಂಬಿ ಅದರ ನಡುವೆ ಇಡಬೇಕು. ಒಮ್ಮೆ ಪುಂಡಿಪಲ್ಯಕ್ಕೆ ಒಗ್ಗರಣೆ ಕೊಡುವಾಗ ಬಾಣಲೆಯಲ್ಲಿ ಭಗ್ಗೆಂದು ಬೆಂಕಿ ಎದ್ದಿತು. ಹಾಲಪ್ಪ ತೊಯ್ದ ಗೋಣಿಚೀಲ ಎಸೆದ. ಬೆಂಕಿ ಆರಿತು. ಪಲ್ಯ ಗೋಡೆ ಸೇರಿತು. ಸುಣ್ಣ ಬಳಿದರೂ ಆ ಕಲೆ ಹೋಗಲಿಲ್ಲ.

"ನಮ್ಮನಿಯವರಿಗೆ ಸರ್ಕಾರ ಪೆನ್ಷನ್ ಕೊಟ್ಟೈತಿ, ರಜಾ ಕೊಟ್ಟಿಲ್ಲ," ಎಂದು ಸಂಗವ್ವ ಓಣಿಗೆಲ್ಲ ಹೇಳುತ್ತಿದ್ದಳು. "ಲಗ್ನದಾಗ ಆರತಿ ತಾಟು ನೋಡಿ ಹಿಂದಕ್ಕ ಸರಿದ ಗಂಡು ಅಂದ್ರ ಇವರೊಬ್ಬರ."

ಆ ವರ್ಷ ಮುಂಗಾರಿನಲ್ಲಿ ಹಾಲಪ್ಪನಿಗೆ ಎದೆ ಕಟ್ಟಿತು. ವರ್ಷಗಟ್ಟಲೆ ಕುಡಿದ ಹೊಗೆ. ಆಸ್ಪತ್ರೆಗೆ ಸೇರಿಸಿದರು. ಸಂಗವ್ವ ಅಲ್ಲೇ, ಹೊರಗಿನ ಬೆಂಚಿನ ಮೇಲೆ ಕುಳಿತು ಹರಕೆ ಹೊತ್ತಳು. ಗಂಡ ಎದ್ದು ಮನೆಗೆ ಬಂದರೆ ಶ್ರಾವಣದ ಮೊದಲ ಸೋಮವಾರದಿಂದ ಶಿವರಾತ್ರಿಯ ತನಕ ಮನೆಯಲ್ಲಿ ನಂದಾದೀಪ ಉರಿಸುತ್ತೇನೆ, ಹಗಲೂ ರಾತ್ರಿಯೂ ಆರಗೊಡುವುದಿಲ್ಲ ಎಂದು. ಗಂಡ ಎದ್ದು ಬಂದ. ಶ್ರಾವಣವೂ ಬಂತು. ದೀಪ ಹತ್ತಿತು.

ಹಾಲಪ್ಪನಿಗೆ ದೇವರ ಮೇಲೆ ದೊಡ್ಡ ನಂಬಿಕೆಯೇನಿರಲಿಲ್ಲ. ದೀಪ ಹಚ್ಚಿದರೆ ಬೆಂಕಿ ಬರುತ್ತದೆ, ದೇವರು ಬರುವುದನ್ನು ತಾನು ಕಂಡಿಲ್ಲ ಎನ್ನುತ್ತಿದ್ದ. ಆದರೆ ತನ್ನ ಜೀವಕ್ಕೆಂದು ಹಚ್ಚಿದ ದೀಪವನ್ನು ಬೇಡ ಎನ್ನಲು ಬಾಯಿ ಬರಲಿಲ್ಲ. ಬೆಂಕಿಯೊಳಗೆ ನುಗ್ಗಿ ಬಂದವನು ಹಣತೆಯಷ್ಟು ಉರಿಗೆ ಹೆದರುತ್ತೇನೆ ಎಂದು ಹೆಂಡತಿಗೆ ಹೇಳಲಂತೂ ಬಾಯಿ ಬರಲೇ ಇಲ್ಲ.

ಅವನ ಹೆದರಿಕೆಗೆ ಕಾರಣವಿತ್ತು. ಬೆಟಗೇರಿಯಲ್ಲಿ ಒಂದು ಮನೆ. ದೇವರ ಮುಂದಿನ ದೀಪದಿಂದ ಇಲಿಯೊಂದು ಉರಿಯುವ ಬತ್ತಿಯನ್ನೇ ಕಚ್ಚಿಕೊಂಡು ಹೋಗಿ ಹಾಸಿಗೆಗಳ ಸಂದಿಯಲ್ಲಿ ಹೊಕ್ಕಿತ್ತು. ಮನೆಯವರೆಲ್ಲ ಮಲಗಿದ್ದರು. ಆ ಮನೆಯೊಳಗೆ ಮೊದಲು ಕಾಲಿಟ್ಟವನು ಹಾಲಪ್ಪ. ಒಳಗೆ ಏನು ಕಂಡೆನೆಂದು ಅವನು ಯಾರಿಗೂ ಹೇಳಿರಲಿಲ್ಲ.

ಅದಕ್ಕೇ ನಂದಾದೀಪ ಹತ್ತಿದ ದಿನದಿಂದ ಅವನು ರಾತ್ರಿ ನಿದ್ದೆ ಬಿಟ್ಟ. ಸಂಗವ್ವ ಮಲಗಿದ ಮೇಲೆ ಮಂಚದ ಮೇಲೆ ಗೋಡೆಗೆ ಒರಗಿ ದೀಪವನ್ನೇ ನೋಡುತ್ತಿದ್ದ. ಹಗಲು ಕಣ್ಣು ಎಳೆಯುತ್ತಿತ್ತು. ಮಧ್ಯಾಹ್ನ ಸಂಗವ್ವ ಮಠದ ಶ್ರಾವಣ ಪುರಾಣಕ್ಕೆ ಹೊರಟರೆ ಅವನು ಎದ್ದು ಹೋಗಿ ಎರಡು ಬೆರಳಲ್ಲಿ ಉರಿಯನ್ನು ಚಿವುಟಿ ಆರಿಸುತ್ತಿದ್ದ. ಬಾಯಿಂದ ಊದುತ್ತಿರಲಿಲ್ಲ, ಊದಿದರೆ ಕಿಡಿ ಹಾರುತ್ತದೆ. ಆಮೇಲೆ ಹಾಸಿಗೆಗೆ ಬಿದ್ದರೆ ಕಲ್ಲಿನಂಥ ನಿದ್ದೆ. ಅವಳು ಬರುವುದರೊಳಗೆ ಮತ್ತೆ ಹಚ್ಚಿಡಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದ. ಆದರೆ ಕಡ್ಡಿ ಗೀರುವುದು ಅವನಿಗೆ ಬಾರದ ಕೆಲಸ. ಬೀಡಿ ಸಹ ಸೇದಿದವನಲ್ಲ. ಚಿಲಕದ ಸಪ್ಪಳಕ್ಕೆ ಎಚ್ಚರವಾಗುತ್ತಿತ್ತು, ಅಷ್ಟರಲ್ಲಿ ಸಂಗವ್ವ ಜಗಲಿಯ ಮುಂದೆ ನಿಂತಿರುತ್ತಿದ್ದಳು.

ಬೆರಳಿಗೆ ಹತ್ತಿದ ಮಸಿ ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. "ಏನದು ಕೈಗೆ?" ಎಂದು ಸಂಗವ್ವ ಕೇಳಿದಾಗ ಸೈಕಲ್ ಚೈನು ಕಳಚಿತ್ತು ಎಂದ. ಮರುದಿನವೂ ಅದನ್ನೇ ಹೇಳಿದ. ಅವಳು ಮರುಗಿ, ತಾನೇ ಸೈಕಲ್ಲನ್ನು ಅಂಗಡಿಗೆ ನೂಕಿಕೊಂಡು ಹೋಗಿ ಹೊಸ ಚೈನು ಹಾಕಿಸಿ ತಂದಳು. ಹೊಸ ಚೈನಿನ ಮೇಲೂ ಬೆರಳು ಕಪ್ಪಗೇ ಇದ್ದವು.

"ಹೊಸಾದೂ ಕಳಚತೈತೇನ್ರಿ?"

"ಹ್ಞೂಂ."

"ಅಂಗಡ್ಯಾವನ ಕೈಗೆ ಹುಳಾ ಬೀಳ್ಲಿ," ಎಂದಳು ಸಂಗವ್ವ. ಪಾಪ, ಆ ಅಂಗಡಿಯವನು ಒಳ್ಳೆಯ ಚೈನನ್ನೇ ಹಾಕಿದ್ದ.

ಅವಳು ಗಾಣದ ಎಣ್ಣೆ ತರಿಸಿದಳು. ಬತ್ತಿ ದಪ್ಪ ಮಾಡಿದಳು. ಹಲ್ಲಿಗಳನ್ನು ಕಸಬರಿಗೆಯಿಂದ ಹೊಡೆದು ಓಡಿಸಿದಳು. ದೀಪ ಆರುವುದು ನಿಲ್ಲಲಿಲ್ಲ. ಕೊನೆಗೆ ಅವಳೇ ಒಂದನ್ನು ಗಮನಿಸಿದಳು. ತಾನು ಮನೆಯಲ್ಲಿದ್ದರೆ ದೀಪ ಉರಿಯುತ್ತದೆ, ಪುರಾಣಕ್ಕೆ ಹೋದರೆ ಆರುತ್ತದೆ. ಪಕ್ಕದ ಮನೆಯ ರಾಚವ್ವ ಇದನ್ನು ಕೇಳಿ ತುಟಿ ಕಚ್ಚಿಕೊಂಡು, "ಹರಕಿ ದೀಪ ಹಿಂಗ ಆರಬಾರದವ್ವ," ಎಂದು ಬೇರೆ ಹೇಳಿ ಹೋದಳು.

ಅಂದಿನಿಂದ ಸಂಗವ್ವ ಒಂದು ಹೊತ್ತಿನ ಊಟ ಬಿಟ್ಟಳು. ಆಮೇಲೆ ಎರಡನೆಯ ಹೊತ್ತಿನ ರೊಟ್ಟಿಯೂ ತಾಟಿನಲ್ಲೇ ಉಳಿಯತೊಡಗಿತು. ಹಾಲಪ್ಪ ಕೆಮ್ಮಿದರೆ ಸಾಕು, ಒಳಗಿನಿಂದ ಓಡಿ ಬಂದು ಮುಖ ನೋಡುತ್ತಿದ್ದಳು.

"ನಿಮ್ಮ ಜೀವಕ್ಕ ಹಚ್ಚಿದ್ದು ರೀ ಅದು," ಎಂದಳು ಒಂದು ದಿನ. "ಮತ್ತ ಮತ್ತ ಆರಿದ್ರ ನಾ ಏನ್ ತಿಳ್ಕೋಬೇಕು?"

ಹಾಲಪ್ಪ ಬಾಯಿ ತೆರೆದ. "ಅದು..." ಎಂದ.

"ಏನ್ರಿ?"

"ಎಣ್ಣಿ ಹಾಕು."

ಅವಳು ಕಣ್ಣೊರೆಸಿಕೊಂಡು ಎಣ್ಣೆ ಹಾಕಿದಳು. ಹಾಕುತ್ತಲೇ ಹೇಳಿದಳು: "ನಾ ಮಾತಾಡೇನಿ. ಶ್ರಾವಣದ ಕಡೇ ಸೋಮವಾರ ಮಠದ ತಾಯಿಯವರನ್ನ ಪ್ರಸಾದಕ್ಕ ಕರದೇನಿ. ಅವರ ಕೈಲೆ ದೀಪಾ ಹಚ್ಚಸ್ತೇನಿ. ಅವರು ಹಚ್ಚಿದ್ದೂ ಆರಿದ್ರ ನನ್ನ ಹರಕಿ ಶಿವಗ ಬ್ಯಾಡ ಅಂತ ತಿಳೀತೇನಿ. ಮತ್ತ ನಾ ಅನ್ನ ಮುಟ್ಟೂದಿಲ್ಲ."

ಸಂಗವ್ವ ಆಡಿದರೆ ಆಡಿದ್ದೇ. ಹಾಲಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಸೈಕಲ್ ಹತ್ತಿ ಮಠದ ಕಡೆ ಹೊರಟ. ತಾಯಿಯವರು ಮನೆಗೆ ಬರುವುದನ್ನು ಹೇಗಾದರೂ ತಪ್ಪಿಸಬೇಕು ಎಂಬುದೊಂದೇ ಅವನ ಮನಸ್ಸಿನಲ್ಲಿತ್ತು.

ಮಠವೆಂದರೆ ಕಲ್ಲಿನ ಕಟ್ಟಡವಲ್ಲ. ಮುಳಗುಂದ ನಾಕಾ ದಾಟಿ ಹೊಲದ ದಾರಿ ಹಿಡಿದರೆ ಒಂದು ಹಳೆಯ ಬಾವಿ. ಬಾವಿಯ ಪಕ್ಕ ಹಿಂದೊಮ್ಮೆ ದನ ಕಟ್ಟುತ್ತಿದ್ದ ತಗಡಿನ ಕೊಟ್ಟಿಗೆ. ಅದೇ ಪೂಜ್ಯ ಮುರಿಗೆಮ್ಮ ತಾಯಿಯವರ ಮಠ. ಭಕ್ತರು ದೊಡ್ಡದಾಗಿ ಕಟ್ಟಿಸಿಕೊಡುತ್ತೇವೆ ಎಂದು ಬಂದಾಗಲೆಲ್ಲ ತಾಯಿಯವರು, "ದನಕ್ಕ ಸಾಲ್ತಿತ್ತು," ಎಂದು ನಕ್ಕು ಕಳಿಸುತ್ತಿದ್ದರು. ಪುರಾಣದ ಹೊತ್ತಿಗೆ ಹೆಂಗಸರು ಬಾವಿಯ ಬೇವಿನ ನೆರಳಿನಲ್ಲಿ ಕೂಡುತ್ತಿದ್ದರು. ಉಳಿದ ಹೊತ್ತು ತಾಯಿಯವರು ಒಬ್ಬರೇ ಕುಳಿತು, ಬೆರಳಿಗೆ ವಿಭೂತಿ ಹಚ್ಚಿಕೊಂಡು, ಬತ್ತಿ ಹೊಸೆಯುತ್ತಿದ್ದರು. ಸುತ್ತಲಿನ ಗುಡಿಗಳಿಗೆಲ್ಲ ದೀಪದ ಬತ್ತಿ ಅಲ್ಲಿಂದಲೇ ಹೋಗುತ್ತಿತ್ತು. ಬಹಳ ಮಾತಾಡುವವರಲ್ಲ. ಬಂದವರ ಕಷ್ಟವನ್ನು ಕೇಳುತ್ತ ಹೊಸೆಯುತ್ತಿದ್ದರು. ಬತ್ತಿ ಮುಗಿಯುವಷ್ಟರಲ್ಲಿ ಬಂದವರ ಮನಸ್ಸು ಹಗುರಾಗಿರುತ್ತಿತ್ತು ಎಂದು ಭಕ್ತರು ಇಂದಿಗೂ ಹೇಳುತ್ತಾರೆ.

ಹಾಲಪ್ಪ ಚಪ್ಪಲಿ ಬಿಟ್ಟು ದೂರದಲ್ಲೇ ನಿಂತ. ನಮಸ್ಕಾರ ಮಾಡಬೇಕೆಂಬುದು ಸ್ವಲ್ಪ ತಡವಾಗಿ ನೆನಪಾಯಿತು.

"ನಾ ಸಂಗವ್ವನ ಮನಿಯವ," ಎಂದ.

ತಾಯಿಯವರು ತಲೆ ಎತ್ತಿ ಅವನ ಕಣ್ಣು ನೋಡಿದರು. ಕಣ್ಣು ಕೆಂಡದಂತೆ ಕೆಂಪಾಗಿದ್ದವು.

"ಕುಂದರು ತಮ್ಮಾ. ಹತ್ತಿ ಬಿಡಸು."

ಅವನ ಮುಂದೆ ಒಂದು ಮೊರ ಹತ್ತಿ ಬಂತು. ಬೀಜದಿಂದ ಹತ್ತಿ ಬಿಡಿಸುತ್ತ ಹಾಲಪ್ಪ ಮಾತು ಹುಡುಕಿದ. ನೀವು ಬರುವುದು ಬೇಡ ಎಂದು ಹೇಗೆ ಹೇಳುವುದು? ಯಾಕೆ ಎಂದು ಕೇಳಿದರೆ? ಒಂದು ಬೀಜ ಬಿಡಿಸಿದ. ಇನ್ನೊಂದು ಬಿಡಿಸಿದ. ಬೇವಿನ ಗಾಳಿ ತಣ್ಣಗೆ ಬೀಸುತ್ತಿತ್ತು. ಸುತ್ತ ಎಲ್ಲೂ ಉರಿ ಇರಲಿಲ್ಲ. ಮಾತು ಸಿಗುವ ಮೊದಲೇ ನಿದ್ದೆ ಸಿಕ್ಕಿತು. ಕೊಟ್ಟಿಗೆಯ ಕಂಬಕ್ಕೆ ಒರಗಿದವನು ಗೊರಕೆ ಹೊಡೆಯತೊಡಗಿದ.

ಎಚ್ಚರವಾದಾಗ ಹೊತ್ತು ನೆತ್ತಿಯ ಮೇಲಿತ್ತು. ತಲೆಯ ಕೆಳಗೆ ಯಾರೋ ಮಡಚಿದ ಕಂಬಳಿ ಇಟ್ಟಿದ್ದರು. ತಾಯಿಯವರು ಅವನು ಬಿಡಿಸಿದ ಹತ್ತಿಯನ್ನು ಬೇರೆಯಾಗಿ ತೆಗೆದು ತಮ್ಮ ಜೋಳಿಗೆಗೆ ಹಾಕಿಕೊಳ್ಳುತ್ತಿದ್ದರು. ಬೀಜ ಸರಿಯಾಗಿ ಬಿಟ್ಟಿಲ್ಲವೇನೋ ಎಂದುಕೊಂಡ ಹಾಲಪ್ಪ.

"ತಾಯಿ, ಸೋಮವಾರ..." ಎಂದ.

"ಬರ್ತೇನಿ," ಎಂದರು ತಾಯಿಯವರು.

ಅವನು ಸೈಕಲ್ ಹತ್ತಿ ಮನೆಗೆ ಬಂದ.

ಸೋಮವಾರ ಮನೆಯೆಲ್ಲ ಸಾರಿಸಿ ರಂಗೋಲಿ ಹಾಕಿದ್ದಾಯಿತು. ಗೋದಿ ಹುಗ್ಗಿ, ಬದನೆಕಾಯಿ ಪಲ್ಯ, ಜೋಳದ ರೊಟ್ಟಿ. ಒಲೆಯ ಮುಂದೆ ಸಂಗವ್ವ, ಅವಳ ಹಿಂದೆ ತೊಯ್ದ ಗೋಣಿಚೀಲ ಹಿಡಿದು ಹಾಲಪ್ಪ.

"ಹೊರಗ ಹೋಗ್ರಿ. ನಿಮ್ಮನ್ನ ನೋಡಿ ಹುಗ್ಗಿನೂ ಹೆದರಿ ಕುದೀವಲ್ದು."

ನೆರವಿಗೆ ಬಂದಿದ್ದ ರಾಚವ್ವ ನಕ್ಕಳು. ಸಂಗವ್ವ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಅವಳು ಗೋಡೆ ಹಿಡಿದು ಏಳುವುದನ್ನು ಹಾಲಪ್ಪ ಕಂಡ. ಹೊರಗೆ ಬಂದು ಕಂಬದ ಹಾಗೆ ನಿಂತ.

ತಾಯಿಯವರು ನಡೆದೇ ಬಂದರು. ಬಾಗಿಲಲ್ಲಿ ಕಾಲು ತೊಳೆಸಿಕೊಂಡರು. ಜೋಳಿಗೆಯನ್ನು ಹೊರಗಿನ ಗೂಟಕ್ಕೆ ತೂಗುಹಾಕಿದರು. ಒಳಗೆ ಬಂದು ಕೆಂಪು ಬಕೀಟುಗಳನ್ನು ಒಂದೊಂದಾಗಿ ನೋಡಿದರು. ಜಗಲಿಯ ಮುಂದೆ ಕುಳಿತು ಸಂಗವ್ವ ಅಣಿ ಮಾಡಿಟ್ಟಿದ್ದ ದೀಪವನ್ನು ಹಚ್ಚಿದರು. ಉರಿ ನೆಟ್ಟಗೆ ನಿಂತಿತು. ಸಂಗವ್ವ ಕೈಮುಗಿದಳು. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕು ಕಂಡಿತು. ಹಾಲಪ್ಪ ನೆಲ ನೋಡಿದ.

ಪಾದಪೂಜೆ ಆಯಿತು. ಸಂಗವ್ವ ಆರತಿ ಎತ್ತಿದಳು. ರಾಚವ್ವ ಹಾಡು ತೆಗೆದಳು. ಹಸಿದ ಹೆಣ್ಣು, ಕೈಯಲ್ಲಿ ಭಾರದ ಹಿತ್ತಾಳೆ ತಾಟು. ಎರಡನೆಯ ಸುತ್ತಿಗೆ ತಲೆ ಸುತ್ತಿ ಬಂದಂತಾಗಿ ಬಾಗಿದಳು. ಇಳಕಲ್ ಸೀರೆಯ ಸೆರಗು ಭುಜದಿಂದ ಜಾರಿ ತಾಟಿನ ಅಂಚಿಗೆ ಬಂತು.

ಹಾಲಪ್ಪ ಯೋಚಿಸಲಿಲ್ಲ. ಯೋಚಿಸಿ ಬೆಂಕಿ ಆರಿಸಿದವರು ಯಾರೂ ಇಲ್ಲ. ನೀರಿನ ಬಕೀಟು ಗೋಡೆಯಿಂದ ಅವನ ಕೈಗೆ ಬಂತು, ಕೈಯಿಂದ ಮುಂದಕ್ಕೆ ಹೋಯಿತು.

ಆರತಿ ಆರಿತು. ಸಂಗವ್ವ ತೊಯ್ದಳು. ಹಾಡುತ್ತಿದ್ದ ರಾಚವ್ವನ ಬಾಯಲ್ಲಿ ನೀರು ಹೋಯಿತು. ಪೂಜ್ಯ ತಾಯಿಯವರು ತಲೆಯಿಂದ ಕಾಲಿನವರೆಗೆ ತೊಯ್ದರು. ಉಳಿದ ನೀರು ಜಗಲಿಗೆ ಹೋಯಿತು. ನಂದಾದೀಪ ಚುಂಯ್ ಎಂದಿತು.

ಬತ್ತಿಯಿಂದ ಒಂದೆಳೆ ಹೊಗೆ ಮೇಲೆದ್ದಿತು. ಸಂಗವ್ವ ಅದನ್ನೇ ನೋಡುತ್ತ ನೀರಿನಲ್ಲೇ ಕುಳಿತುಬಿಟ್ಟಳು.

"ಮುಗೀತು," ಎಂದಳು.

ಆಗ ತಾಯಿಯವರು ನಕ್ಕರು. ಮೆಲ್ಲನೆ ಅಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ತಾಯಿಯವರು ಹಾಗೆ ನಕ್ಕದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ ಎಂದು ರಾಚವ್ವ ಮುಂದೆ ಎಷ್ಟೋ ಸಲ ಹೇಳಿದ್ದುಂಟು.

"ಜಳಕ ಛಲೋ ಆತು," ಎಂದರು ತಾಯಿಯವರು. "ಆ ಜೋಳಿಗಿ ಕೊಡವ್ವ."

ರಾಚವ್ವ ಹೊರಗೆ ಹೋಗಿ ಜೋಳಿಗೆ ತಂದಳು. ಅದು ಒಣಗಿಯೇ ಇತ್ತು. ತಾಯಿಯವರು ಅದರಿಂದ ಒಂದು ಬತ್ತಿ ತೆಗೆದರು. ಬಿಳಿಯ ಬತ್ತಿ, ಅದರ ತುಂಬ ಕಪ್ಪು ಕಪ್ಪು ಗುರುತು.

"ಬಾ ತಮ್ಮಾ," ಎಂದರು.

ಹಾಲಪ್ಪ ಬಂದು ಮಂಡಿಯೂರಿದ. ತಾಯಿಯವರು ಅವನ ಬಲಗೈ ಹಿಡಿದು, ಆ ಬತ್ತಿಯನ್ನು ಅವನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಟ್ಟರು. ಬೆರಳಿನ ಮಸಿಯೂ ಬತ್ತಿಯ ಮಸಿಯೂ ಒಂದೇ. ತಾನು ಅಂದು ಕೊಟ್ಟಿಗೆಯಲ್ಲಿ ಬಿಡಿಸಿದ ಹತ್ತಿ. ಹಾಲಪ್ಪನ ಕಿವಿ ಬಿಸಿಯಾದವು. ತಾಯಿಯವರು ತಮ್ಮ ತೊಯ್ದ ಸೆರಗಿನಿಂದ ಅವನ ಎರಡು ಬೆರಳುಗಳನ್ನು ಒರೆಸಿದರು, ತಾಯಿ ಮಗುವಿನ ಕೈ ಒರೆಸುವ ಹಾಗೆ.

"ಹಚ್ಚು."

"ನನಗ ಬರೂದಿಲ್ರಿ ತಾಯಿ," ಎಂದ ಹಾಲಪ್ಪ. "ಆರ್ಸಾಕ ಅಷ್ಟ ಬರತೈತಿ."

ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಹಲ್ಲಿ ಅಲ್ಲ. ನಾನ."

ಸಂಗವ್ವನಿಗೆ ಮೊದಲು ತಿಳಿಯಲಿಲ್ಲ. ಅವನ ಬೆರಳು ನೋಡಿದಳು. ಬತ್ತಿ ನೋಡಿದಳು. ಮತ್ತೆ ಬೆರಳು ನೋಡಿದಳು.

"ಹಂಗಾರ ಸೈಕಲ್ ಚೈನು?"

"ಹಳೇದು ಛಲೋನ ಇತ್ತು."

ರಾಚವ್ವ ತಡೆಯಲಾರದೆ ಗೋಡೆಯ ಕಡೆ ತಿರುಗಿ ನಕ್ಕಳು. ಸಂಗವ್ವ ನಗಲಿಲ್ಲ.

"ಯಾಕ್ರಿ?" ಎಂದಳು.

ಅಂದು ಹಾಲಪ್ಪ ಮಾತಾಡಿದಷ್ಟು ತನ್ನ ಆಯುಷ್ಯದಲ್ಲಿ ಒಂದೇ ಸಲಕ್ಕೆ ಮಾತಾಡಿರಲಿಲ್ಲ. ಬೆಟಗೇರಿಯ ಮನೆಯ ಸುದ್ದಿ ಹೇಳಿದ. ಇಲಿಯ ಸುದ್ದಿ ಹೇಳಿದ. ಒಳಗೆ ಕಂಡದ್ದನ್ನೂ ಹೇಳಿದ. "ನೀ ಮಲಗಿರ್ತಿ. ದೀಪಾ ಉರಿತಿರ್ತೈತಿ. ನನಗ ಕಣ್ಣ ಮುಚ್ಚಾಕ ಆಗೂದಿಲ್ಲ. ರಾತ್ರಿ ಎಲ್ಲಾ ಕಾಯ್ತೇನಿ. ಹಗಲಿ ತಡಕೊಳ್ಳಾಕ ಆಗೂದಿಲ್ಲ," ಎಂದ. ಕೆಮ್ಮು ಬಂತು, ನಿಲ್ಲಿಸಿದ.

ಸಂಗವ್ವ ತೊಯ್ದ ಸೆರಗಿನಲ್ಲೇ ಮೂಗು ಒರೆಸಿಕೊಂಡಳು.

"ಇಷ್ಟ ದಿನಾ ರಾತ್ರಿ ಕಾದ್ರೇನು?"

"ಹ್ಞೂಂ."

"ನಿಮ್ಮ ಕಣ್ಣ ಕೆಂಪಾಗಿದ್ದು ನೋಡಿ ಜಡ್ಡು ಮತ್ತ ತಿರುಗಿತು ಅಂತ ನಾ ಉಪಾಸ ಮಾಡೀನಲ್ರೀ! ಹಲ್ಲಿಗೊಳನ್ನ ಹೊಡದು ಪಾಪ ಕಟ್ಕೊಂಡೆ! ಬಾಯಾಗ ಏನ್ ಮರಳ ತುಂಬ್ಕೊಂಡಿದ್ರೇನು, ಆ ಬಕೀಟಿನಂಗ?"

ಈ ಸಲ ತಾಯಿಯವರೂ ರಾಚವ್ವನ ಜೊತೆ ನಕ್ಕರು. ನಗು ನಿಂತ ಮೇಲೆ ಹಾಲಪ್ಪನನ್ನು ಕೇಳಿದರು:

"ಗಿರಣ್ಯಾಗ ಹತ್ತಿ ಬೆಂಕಿ ಆರಿಸಿದ ಮ್ಯಾಲ ಏನ್ ಮಾಡ್ತಿದ್ರಿ?"

ಹಾಲಪ್ಪನಿಗೆ ಇದು ಗೊತ್ತಿದ್ದ ವಿಷಯ. ನೆಟ್ಟಗೆ ಕುಳಿತ. "ಹತ್ತಿ ತುಂಬಿದ ಅಂಡಗಿ ಚೀಲಾ ಮ್ಯಾಲ ಆರಿದಂಗ ಕಾಣತೈತ್ರಿ ತಾಯಿ. ಒಳಗ ಕೆಂಡ ಇರತೈತಿ. ಅದಕ್ಕ ಅಲ್ಲೇ ಕಾವಲು ಕೂಡ್ತಿದ್ವಿ."

"ಒಬ್ಬವನ?"

"ಇಲ್ರಿ. ಒಬ್ಬನ ಕೈಲೆ ಹ್ಯಾಂಗಾಗತೈತಿ? ಪಾಳಿ ಮ್ಯಾಲ."

"ಮತ್ತ ಮನ್ಯಾಗ ಯಾಕ ಒಬ್ಬವನ ಕುಂತಿ?"

ಸಂಗವ್ವ ಗಂಡನನ್ನು ನೋಡಿದಳು. ಗಂಡ ಹೆಂಡತಿಯನ್ನು ನೋಡಿದ. ಇಬ್ಬರ ತಲೆಯಿಂದಲೂ ನೀರು ಇಳಿಯುತ್ತಿತ್ತು, ಅವನ ತಲೆಗೆ ಎಲ್ಲಿಂದ ಸಿಡಿದಿತ್ತೋ.

"ಅರ್ಧಾ ರಾತ್ರಿ ನಂದು," ಎಂದಳು ಸಂಗವ್ವ.

ಜಗಲಿಯ ಕಡ್ಡಿಪೆಟ್ಟಿಗೆ ತೊಯ್ದು ಮುದ್ದೆಯಾಗಿತ್ತು. ರಾಚವ್ವ ಓಡಿ ಹೋಗಿ ತನ್ನ ಮನೆಯದನ್ನು ತಂದಳು. ಸಂಗವ್ವ ದೀಪವನ್ನು ಒರೆಸಿ ಎಣ್ಣೆ ಹಾಕಿ, ಮಸಿ ಮೆತ್ತಿದ ಬತ್ತಿಯನ್ನು ಇಟ್ಟಳು. ಹಾಲಪ್ಪ ಕಡ್ಡಿ ಗೀರಿದ. ಮುರಿಯಿತು. ಇನ್ನೊಂದು ಗೀರಿದ. ಅದೂ ಮುರಿಯಿತು.

"ನಿಮ್ಮ ಕಡೆ ಮುಖ ಮಾಡಿ ಗೀರಬ್ಯಾಡ್ರಿ," ಎಂದಳು ಸಂಗವ್ವ. "ಹಗರಕ. ಹ್ಞಾಂ, ಹಂಗ."

ಕಡ್ಡಿ ಹತ್ತಿತು. ಅವನ ಕೈ ಹಿಂದಕ್ಕೆ ಸರಿಯಲು ನೋಡಿತು. ಸಂಗವ್ವ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ದೀಪ ಹತ್ತಿತು. ಹಾಲಪ್ಪ ತಾನು ಹಚ್ಚಿದ ಉರಿಯನ್ನು ಬಹಳ ಹೊತ್ತು ನೋಡಿದ. ಬೆಂಕಿಯ ಎದುರು ಆರಿಸಬೇಕೆಂಬ ಆತುರವಿಲ್ಲದೆ ಅವನು ಕುಳಿತದ್ದು ಅದೇ ಮೊದಲು. ಆಮೇಲೆ, ಯಾರೂ ಹೇಳದೆ, ತಾಯಿಯವರ ಪಾದದ ಮೇಲೆ ತಲೆಯಿಟ್ಟ.

"ಹರಕಿ ಇವತ್ತಿನಿಂದ," ಎಂದರು ತಾಯಿಯವರು. "ಹುಗ್ಗಿ ನೀಡವ್ವ. ಹಸಿದೇನಿ."

ಹುಗ್ಗಿಗೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ತಾಯಿಯವರು ರಾಚವ್ವನ ಸೀರೆಯುಟ್ಟು ಕುಳಿತು ಪ್ರಸಾದ ಮಾಡಿದರು. ಮೊದಲ ತುತ್ತನ್ನು ತಮ್ಮ ಕೈಯಾರೆ ಸಂಗವ್ವನ ಬಾಯಿಗಿಟ್ಟರು. ಸಂಗವ್ವ ಆಮೇಲೆ ಎಷ್ಟು ಉಂಡಳೆಂದರೆ ರಾಚವ್ವ, "ಇಷ್ಟ ದಿನದ್ದೂ ಸೇರಿಸಿ ಉಣ್ಣಾಕತ್ತಾಳ," ಎಂದು ರೇಗಿಸಿದಳು.

ಅಂದಿನಿಂದ ಆ ಮನೆಯಲ್ಲಿ ಪಾಳಿ ನಡೆಯಿತು. ಒಬ್ಬರು ಮಲಗಿದರೆ ಒಬ್ಬರು ದೀಪ ಕಾಯುತ್ತಿದ್ದರು. ಪಾಳಿ ಬದಲಾಗುವಾಗ ಚಹಾ ಆಗುತ್ತಿತ್ತು. ಚಹಾದ ಜೊತೆ ಮಾತಾಗುತ್ತಿತ್ತು. ಆ ಮನೆಯಲ್ಲಿ ಅಷ್ಟು ಮಾತು ಹಿಂದೆಂದೂ ಕೇಳಿರಲಿಲ್ಲ ಎಂದು ಓಣಿಯವರು ಹೇಳುತ್ತಾರೆ. ಹಾಲಪ್ಪ ವಾರಕ್ಕೊಮ್ಮೆ ಮಠಕ್ಕೆ ಹೋಗಿ, ಕೈ ತೊಳೆದುಕೊಂಡು, ಹತ್ತಿ ಬಿಡಿಸಿ ಬರುತ್ತಿದ್ದ. ಕೆಂಪು ಬಕೀಟುಗಳು ಮಾತ್ರ ಗೋಡೆಯ ಮೇಲೇ ಇದ್ದವು. ತಾಯಿಯವರು ಅವನ್ನು ತೆಗೆಯಲು ಹೇಳಿರಲಿಲ್ಲ.

ಶಿವರಾತ್ರಿ ಬಂತು. ಅಲ್ಲಿಯವರೆಗೆ ದೀಪ ಒಮ್ಮೆಯೂ ಆರಲಿಲ್ಲ. ಮರುದಿನ ಬೆಳಿಗ್ಗೆ ಸಂಗವ್ವ, "ಹರಕಿ ಮುಟ್ಟಿತ್ರಿ. ಇನ್ನ ನೀವು ಆರಿಸಬಹುದು,"  ಎಂದಳು.

ಹಾಲಪ್ಪ ದೀಪಕ್ಕೆ ಎಣ್ಣೆ ಹಾಕಿದ.